ಬೆನ್ನ ಹಿಂದಿನ ಬೆರಳು

ಹಲಸೂರಿನ ಆ ಮೈದಾನ ನಮಗೆ ಸಿಗುತ್ತಿದ್ದದ್ದು ಬೆಳಿಗ್ಗೆ ಏಳೂವರೆಯವರೆಗೆ ಮಾತ್ರ. ಆಮೇಲೆ ಫುಟ್‌ಬಾಲ್ ಆಡುವವರು ಬರುತ್ತಿದ್ದರು. ಮೈದಾನ ತಮ್ಮ ತಾತಂದಿರ ಕಾಲದಿಂದ ತಮ್ಮದೇ ಎಂಬ ಗತ್ತು ಅವರದು. ನಮ್ಮ ಮೊಟ್ಟೆಯಾಕಾರದ ಚೆಂಡನ್ನು ನೋಡಿ ಅವರಲ್ಲೊಬ್ಬ ದಿನವೂ ಕೇಳುತ್ತಿದ್ದ: "ಏನ್ ಸಿಸ್ಟರ್, ಬಾಲ್ ಪಂಕ್ಚರ್ ಆಗಿದ್ಯಾ?" ದಿನವೂ ಅದೇ ಮಾತು, ದಿನವೂ ಅದೇ ನಗು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಗೆಳತಿ ಮಾತ್ರ "ಹೌದಣ್ಣ, ಸ್ವಲ್ಪ ಗಾಳಿ ಹೊಡ್ಕೊಡಿ" ಎಂದು ಚೆಂಡನ್ನು ಅವನತ್ತಲೇ ಎಸೆಯುತ್ತಿದ್ದಳು. ಅದು ಅವನ ಕೈಯಿಂದ ಜಾರಿ ಎತ್ತೆತ್ತಲೋ ಪುಟಿದು ಓಡಿದಾಗ ಅವನ ಜೊತೆಯವರೇ ಅವನನ್ನು ನೋಡಿ ನಗುತ್ತಿದ್ದರು. ಜಗಳ ಆಡದೆ ಗೆಲ್ಲುವುದು ಅವಳಿಗೆ ಗೊತ್ತಿತ್ತು, ನನಗೆ ಇವತ್ತಿಗೂ ಗೊತ್ತಿಲ್ಲ.

ನಾವು ಆಡುತ್ತಿದ್ದದ್ದು ರಗ್ಬಿ, ಅದರಲ್ಲೂ ಏಳು ಜನರ ರಗ್ಬಿ. ಏಳೇಳು ನಿಮಿಷದ ಎರಡು ಹಾಫ್, ನಡುವೆ ಬಾಯಿ ಒದ್ದೆ ಮಾಡಿಕೊಳ್ಳುವಷ್ಟು ಬಿಡುವು. ಚೆಂಡು ಹಿಡಿದು ಮುಂದಕ್ಕೆ ಓಡಬಹುದು, ಆದರೆ ಕೈಯಿಂದ ಎಸೆಯುವುದಾದರೆ ಹಿಂದಿರುವವರಿಗೇ ಎಸೆಯಬೇಕು. ಚೆಂಡು ಹಿಡಿದವಳನ್ನು ಎದುರಿನವರು ಸೊಂಟಕ್ಕೋ ತೊಡೆಗೋ ಬಿದ್ದು ಕೆಡವಬಹುದು. ಅವರ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ. ಹೇಳುವುದಕ್ಕೆ ಇಷ್ಟೇ. ಹದಿನಾಲ್ಕು ನಿಮಿಷ ಮುಗಿಯುವಷ್ಟರಲ್ಲಿ ಜೀವ ಬಾಯಿಗೆ ಬಂದಿರುತ್ತದೆ, ಮತ್ತು ಪಂದ್ಯಾವಳಿಯಲ್ಲಿ ಒಂದೇ ದಿನ ಅಂಥ ಮೂರು ಪಂದ್ಯ ಆಡಬೇಕು.

ನಮ್ಮ ಮನೆ ಹೊಸ ತಿಪ್ಪಸಂದ್ರದ ಆಚೆಗಿನ ಹಳೆಯ ಊರಿನಲ್ಲಿ. ತಾತ ರಾಗಿ ಬೆಳೆದ ಜಾಗದಲ್ಲಿ ಅಪ್ಪ ಸಾಲು ಮನೆ ಕಟ್ಟಿ ಬಾಡಿಗೆಗೆ ಬಿಟ್ಟಿದ್ದರು. ಮಗಳು ಆಡುವುದು ಫುಟ್‌ಬಾಲಿನ ಒಂದು ಜಾತಿ ಎಂದು ಮನೆಯಲ್ಲಿ ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಶಿವಾಜಿನಗರದಿಂದ ತಂದ ಮೌತ್‌ಗಾರ್ಡನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಹಲ್ಲಿಗೆ ಒತ್ತಿಕೊಳ್ಳಬೇಕು. ನಾನು ಅದನ್ನು ಒಲೆಯ ಮೇಲೆ ಕುದಿಸುತ್ತಿದ್ದಾಗ ಅಜ್ಜಿ ಪಾತ್ರೆಯೊಳಗೆ ಇಣುಕಿ ನೋಡಿ, "ಅಯ್ಯೋ, ಈ ವಯಸ್ಸಿಗೇ ಹಲ್ಲು ಸೆಟ್ ಕಟ್ಟಿಸ್ಕೊಂಡ್ಯಾ?" ಎಂದು ಹೌಹಾರಿದರು. ಅಮ್ಮ ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಲಿಲ್ಲ.

ಗೆಳತಿ ಲಿಂಗರಾಜಪುರದವಳು. ಅಪ್ಪ ಇರಲಿಲ್ಲ. ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದರು, ಇಬ್ಬರು ತಮ್ಮಂದಿರು ಶಾಲೆಗೆ ಹೋಗುತ್ತಿದ್ದರು. ಒಂದು ಕೋಣೆ, ಬುದ್ಧನ ಪಟ, ಅದರ ಕೆಳಗೆ ಹೊಲಿಗೆ ಮಿಷನ್ನು. ಅವಳು ಸಂಜೆ ಬೀದಿಯ ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಕೊಡುತ್ತಿದ್ದಳು. ಹದಿನೇಳರ ಮಗ್ಗಿ, ಹತ್ತೊಂಬತ್ತರ ಮಗ್ಗಿ ಎಲ್ಲವೂ ಅವಳ ನಾಲಗೆಯ ತುದಿಯಲ್ಲಿದ್ದವು. ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ, ಕೋಪ ಬಂದರೆ ಉರ್ದು. ಅವಳ ಅಮ್ಮ ನನ್ನನ್ನು ಸ್ವಂತ ಮಗಳ ಹಾಗೆ ತಮಿಳಿನಲ್ಲಿ "ಕಣ್ಣು" ಎಂದು ಕರೆಯುತ್ತಿದ್ದರು. "ಬಾ ಕಣ್ಣು, ತಿನ್ನು ಕಣ್ಣು." ಆ ಮನೆಯಲ್ಲಿ ನಾನು ತಿಂದ ಇಡ್ಲಿಗೆ ಲೆಕ್ಕವಿಲ್ಲ.

ಆಟದಲ್ಲಿ ನನ್ನ ಕೆಲಸ, ಆಟಗಾರ್ತಿಯರು ಬಗ್ಗಿ ಹೆಗಲಿಗೆ ಹೆಗಲು ಕೊಟ್ಟು ತಳ್ಳಾಡುವ ಸ್ಕ್ರಮ್ಮಿನಿಂದ ಚೆಂಡನ್ನು ಎತ್ತಿ ಹಿಂದಕ್ಕೆ ಎಸೆಯುವುದು. ಹಿಂದೆ ನಿಂತು ಅದನ್ನು ಮೊದಲು ಹಿಡಿಯುವವಳು ಅವಳು. ಎದುರಿನವರಿಗೆ ಗೊತ್ತಾಗದಂತೆ ನಾವಿಬ್ಬರೂ ಮಾತಾಡಿಕೊಳ್ಳಬೇಕಿತ್ತು. ಅದಕ್ಕೆ ನಾನು ಎಡಗೈಯನ್ನು ಬೆನ್ನ ಹಿಂದೆ ಇಟ್ಟು ಬೆರಳು ತೋರಿಸುತ್ತಿದ್ದೆ. ಒಂದು ಬೆರಳೆಂದರೆ ಬಲಕ್ಕೆ, ಎರಡೆಂದರೆ ಎಡಕ್ಕೆ, ಮೂರೆಂದರೆ ಉದ್ದದ ಎಸೆತ. ಮುಷ್ಟಿ ಕಟ್ಟಿದರೆ, ಏನೂ ಇಲ್ಲ, ನಾನೇ ಓಡುತ್ತೇನೆ, ನೀನು ಸುಮ್ಮನಿರು ಎಂದರ್ಥ. ಎರಡು ವರ್ಷ ದಿನವೂ ಹೀಗೇ ಆಡಿದೆವು. ಕೊನೆಕೊನೆಗೆ ಅವಳು ಚೆಂಡನ್ನು ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದಳು. ಹೋಟೆಲಿನಲ್ಲಿ ಎಷ್ಟು ಕಾಫಿ ಎಂದು ಸಪ್ಲೈಯರ್ ಕೇಳಿದರೂ ಅವಳ ಕಣ್ಣು ನನ್ನ ಕೈಗೆ ಬರುತ್ತಿತ್ತು. ಮನೆಯಲ್ಲಿ ಇನ್ನೆಷ್ಟು ಇಡ್ಲಿ ಎಂದು ಅವಳ ಅಮ್ಮ ಕೇಳಿದರೂ ಹಾಗೇ, ನಮ್ಮ ಜೊತೆ ಅವರೂ ಅದಕ್ಕೆ ನಗುತ್ತಿದ್ದರು.

ಈಗ ಕೋಚ್ ಸರ್ ವಿಷಯ ಹೇಳಬೇಕು. ಯೌವನದಲ್ಲಿ ತಾವೇ ಆಡಿ ಒಂದು ಮೊಣಕಾಲು ಕೆಡಿಸಿಕೊಂಡಿದ್ದ ಮನುಷ್ಯ, ಹೆಚ್ಚು ಮಾತಿಲ್ಲ. ನಮಗೆ ಡಾಕ್ಟರೂ ಇರಲಿಲ್ಲ, ಫಿಸಿಯೋನೂ ಇರಲಿಲ್ಲ, ಇದ್ದದ್ದು ಒಂದು ಐಸ್ ಡಬ್ಬ ಮತ್ತು ಅವರು. ಯಾರಿಗಾದರೂ ತಲೆಗೆ ಪೆಟ್ಟು ಬಿದ್ದರೆ ಅವರು ಕುಂಟುತ್ತಾ ಒಳಗೆ ಬಂದು, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಮೂರು ಪ್ರಶ್ನೆ ಕೇಳುತ್ತಿದ್ದರು. ಇದು ಎಷ್ಟನೇ ಹಾಫ್? ನಮ್ಮ ಟ್ರೈ ಎಷ್ಟು? ಅವರದು ಎಷ್ಟು? ಮೂರಕ್ಕೂ ಸರಿಯಾಗಿ ಹೇಳಿದರೆ ಆಡಬಹುದು. ಒಂದು ತಪ್ಪಿದರೂ ಹೊರಗೆ. ಅಳಲಿ, ಕಾಲು ಹಿಡಿಯಲಿ, ಅವರು ಕರಗುತ್ತಿರಲಿಲ್ಲ.

ಮೂರು ಪ್ರಶ್ನೆಗೂ ಉತ್ತರ ಅಂಕಿಯೇ. ಬೆರಳಿನಲ್ಲಿ ತೋರಿಸಬಹುದಾದ ಅಂಕಿ. ಅಷ್ಟು ಸಾಕಾಯಿತು ನಮಗೆ. ಪೆಟ್ಟು ತಿಂದವಳ ಎದುರಿಗೆ, ಸರ್ ಬೆನ್ನ ಹಿಂದೆ ನಾವು ಯಾರಾದರೂ ನಿಂತು ಬೆರಳು ತೋರಿಸಿಬಿಡುತ್ತಿದ್ದೆವು. ಶುರು ಮಾಡಿದ್ದು ಯಾರೋ ನೆನಪಿಲ್ಲ. ನಾನೇ ಇದ್ದರೂ ಇರಬಹುದು. ಎಲ್ಲರೂ ಶಾಲೆ ಕಾಲೇಜಿನಲ್ಲಿ ಕಾಪಿ ಹೊಡೆದು ಬಂದವರೇ. ಪರೀಕ್ಷೆಯಲ್ಲಿ ಪಕ್ಕದವಳಿಗೆ ಪೇಪರ್ ತೋರಿಸದವಳನ್ನು ನಾವು ಸ್ವಾರ್ಥಿ ಎಂದು ಕರೆದು ಬೆಳೆದಿದ್ದೆವು. ಇದೂ ಅದೇ ಎಂದುಕೊಂಡೆವು. ನನಗೆ ಒಂದು ಸಲ ಗೆಳತಿ ತೋರಿಸಿದ್ದಳು. ಆ ದಿನ ನನಗೆ ಸ್ವಲ್ಪ ತಲೆ ಸುತ್ತಿತ್ತು, ಅಷ್ಟೇ. ಸಂಜೆ ಪಾನಿಪುರಿ ತಿನ್ನುತ್ತಾ ಸರ್‌ಗೆ ಟೋಪಿ ಹಾಕಿದ್ದನ್ನು ಹೇಳಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ಎರಡು ಸಾವಿರದ ಮೊದಲ ದಶಕ ಮುಗಿಯುತ್ತಿದ್ದ ಕಾಲ. ಇಂದಿರಾನಗರದ ರಸ್ತೆಯಲ್ಲಿ ಮೆಟ್ರೋ ಕಂಬಕ್ಕೆ ಗುಂಡಿ ತೋಡುತ್ತಿದ್ದರು. ನನ್ನ ಬಸ್ಸು ಅಲ್ಲಿ ಸಿಕ್ಕಿಹಾಕಿಕೊಂಡು, ಅಭ್ಯಾಸಕ್ಕೆ ತಡವಾಗಿ, ಸರ್ ಕೈಯಲ್ಲಿ ಬೈಸಿಕೊಳ್ಳುವುದು ಮಾಮೂಲಾಗಿತ್ತು. ಆಗ ಒಂದು ಸುದ್ದಿ ಬಂತು. ಹೆಣ್ಣುಮಕ್ಕಳ ದೊಡ್ಡ ತಂಡ ಕಟ್ಟುತ್ತಾರಂತೆ, ಅದಕ್ಕೊಂದು ಶಿಬಿರವಂತೆ, ಊರಿನಲ್ಲೇ ನಡೆಯುವ ಪಂದ್ಯಾವಳಿಗೆ ಆರಿಸುವವರು ಬರುತ್ತಾರಂತೆ. ಗೆಳತಿಗೆ ಆ ಶಿಬಿರ ಬೇಕೇ ಬೇಕಿತ್ತು. ಆಟದಿಂದ ಒಂದು ಸರ್ಕಾರಿ ಕೆಲಸ ಸಿಕ್ಕರೆ ಅಮ್ಮ ರಾತ್ರಿ ಹೊಲಿಯುವುದನ್ನು ನಿಲ್ಲಿಸಬಹುದು ಎಂದು ಅವಳ ಲೆಕ್ಕ. ನನಗೂ ಬೇಕಿತ್ತು. ನನ್ನ ಕಾರಣ ಅಷ್ಟು ದೊಡ್ಡದಲ್ಲ. ನಾನು ಮನೆಯವರಿಗೆ, ಬೀದಿಯವರಿಗೆ, ಆ ಪಂಕ್ಚರ್ ಮಹಾಶಯನಿಗೆ ತೋರಿಸಬೇಕಿತ್ತು. ಆದರೆ ನಾನೊಬ್ಬಳೇ ಎಷ್ಟು ಚೆನ್ನಾಗಿ ಎಸೆದರೂ ಹಿಡಿಯುವವಳು ಸರಿಯಿಲ್ಲದಿದ್ದರೆ ನನ್ನ ಆಟ ಕಾಣುವುದೇ ಇಲ್ಲ. ಅವಳಿದ್ದರೆ ನಾನು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ದಿನದ ಮೂರನೆಯ ಪಂದ್ಯ. ಹತ್ತು ಜನ ಹೋಗಿದ್ದೆವು. ಒಬ್ಬಳ ಭುಜ ಜಾರಿತ್ತು, ಒಬ್ಬಳಿಗೆ ಪಾದ ಊದಿಕೊಂಡಿತ್ತು, ಒಬ್ಬಳನ್ನು ಅವಳ ಅಣ್ಣ ಬಂದು ಮನೆಗೆ ಕರೆದುಕೊಂಡು ಹೋಗಿದ್ದ. ಉಳಿದವರು ಸರಿಯಾಗಿ ಏಳು ಜನ. ಶಾಮಿಯಾನದ ಕೆಳಗೆ ಆರಿಸುವವರು ಇಬ್ಬರು ಕೂತಿದ್ದರು. ಮೊದಲ ಹಾಫಿನಲ್ಲಿ ನಾವು ಎರಡು ಟ್ರೈ, ಅವರು ಒಂದು. ಹಾಫ್ ಮುಗಿಯುವುದಕ್ಕೆ ಸ್ವಲ್ಪ ಮೊದಲು, ದಪ್ಪ ತೊಡೆಯ ಒಬ್ಬಳು ಚೆಂಡು ಹಿಡಿದು ನುಗ್ಗಿದಳು. ಗೆಳತಿ ಅವಳನ್ನು ಕೆಡವಲು ಹೋದಳು. ತಲೆ ತಪ್ಪು ಕಡೆ ಸಿಕ್ಕಿಕೊಂಡಿತು. ಅವಳ ಮೊಣಕಾಲು ಗೆಳತಿಯ ಕಿವಿಯ ಮೇಲ್ಗಡೆ ತಗುಲಿದ ಸದ್ದು ನನಗೆ ಕೇಳಿಸಿತು.

ನಾನೇ ಮೊದಲು ಹತ್ತಿರ ಹೋದವಳು. ಅವಳು ಎದ್ದು ಕೂತಿದ್ದಳು. ರಕ್ತ ಇರಲಿಲ್ಲ. ಮೌತ್‌ಗಾರ್ಡ್ ತೆಗೆದು ಕೈಯಲ್ಲಿ ಹಿಡಿದುಕೊಂಡು, ಅದೇನೆಂದು ಗೊತ್ತಿಲ್ಲದವಳ ಹಾಗೆ ನೋಡುತ್ತಿದ್ದಳು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ನಾವ್ ಯಾವ್ ಕಡೆಗೆ ಹೋಗ್ಬೇಕು?"

ಈ ಮಾತನ್ನು ನಾನು ಆ ದಿನ ಯಾರಿಗೂ ಹೇಳಲಿಲ್ಲ. ಇದನ್ನೇ ನಾನು ಮತ್ತೆ ಮತ್ತೆ ಬರೆದು ಹೊಡೆದು ಹಾಕಿದ್ದೇನೆ. ಏಕೆಂದರೆ ಇದು ಇಲ್ಲದಿದ್ದರೆ ನಾನು ತಿಳಿಯದೆ ಮಾಡಿದೆ ಎನ್ನಬಹುದಿತ್ತು. ನನಗೆ ತಿಳಿದಿತ್ತು. ಅವಳಿಗೆ ಮೈದಾನದ ದಿಕ್ಕೇ ತಪ್ಪಿದೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಾಗಿತ್ತು. ಅದೇ ಹೊತ್ತಿನಲ್ಲಿ, ಇವಳು ಹೊರಗೆ ಹೋದರೆ ನಾವು ಆರೇ ಜನ, ಶಾಮಿಯಾನದ ಕೆಳಗಿನವರು ನನ್ನಲ್ಲಿ ನೋಡಲು ಏನೂ ಇರುವುದಿಲ್ಲ ಎಂದೂ ನಾನು ಲೆಕ್ಕ ಹಾಕಿ ಮುಗಿಸಿದ್ದೆ.

ಸರ್ ಕುಂಟುತ್ತಾ ಬಂದು ಅವಳ ಮುಂದೆ ಕೂತರು. ನಾನು ಅವರ ಬೆನ್ನ ಹಿಂದೆ ಹೋಗಿ ನಿಂತೆ. ಯಾರೂ ನನ್ನನ್ನು ಅಲ್ಲಿ ನಿಲ್ಲು ಎನ್ನಲಿಲ್ಲ.

"ಎಷ್ಟನೇ ಹಾಫು?"

ಅವಳ ಕಣ್ಣು ಸರ್ ಮುಖದಿಂದ ನನ್ನ ಕೈಗೆ ಬಂತು. ತೊಡೆಯ ಪಕ್ಕ ಒಂದು ಬೆರಳು ಇಟ್ಟೆ.

"ಒಂದು ಸರ್."

"ನಮ್ದೆಷ್ಟು?"

"ಎರಡು."

"ಅವ್ರ್ದು?"

"ಒಂದು."

"ಏನೂ ಆಗಿಲ್ಲ ತಾನೆ? ಸರಿಯಾಗ್ ಹೇಳು."

ಇದಕ್ಕೆ ಬೆರಳಿನಲ್ಲಿ ಉತ್ತರವಿರಲಿಲ್ಲ. ಅವಳು ಸ್ವಲ್ಪ ಹೊತ್ತು ನನ್ನ ಕೈ ನೋಡಿ, ಆಮೇಲೆ ತಾನಾಗಿಯೇ ನಕ್ಕಳು. ಸರ್ ಅವಳ ಹೆಗಲು ತಟ್ಟಿ ಎದ್ದರು. ಉಳಿದ ಐವರೂ ಅಲ್ಲೇ ನಿಂತಿದ್ದರು. ಎಲ್ಲರೂ ನೋಡಿದ್ದರು.

ಎರಡನೆಯ ಹಾಫಿನಲ್ಲಿ ಅವಳು ಚೆನ್ನಾಗಿಯೇ ಆಡಿದಳು, ಅದೇ ವಿಚಿತ್ರ. ನಾನು ಬೆರಳು ತೋರಿಸಿದೆ, ಅವಳು ಹಿಡಿದಳು, ಓಡಿದಳು. ಒಂದು ಟ್ರೈ ಕೂಡ ಹೊಡೆದಳು. ನಾಲ್ಕು ನಿಮಿಷ ಕಳೆದಿರಬೇಕು, ಯಾರೋ ಅವಳನ್ನು ಸೊಂಟಕ್ಕೆ ಹಿಡಿದು ಕೆಡವಿದರು. ದೊಡ್ಡ ಪೆಟ್ಟೇನಲ್ಲ, ದಿನಕ್ಕೆ ಇಪ್ಪತ್ತು ಸಲ ಬೀಳುವ ಹಾಗೆಯೇ ಬಿದ್ದಳು. ಎದ್ದಳು. ಆಟ ಆಚೆ ಕಡೆ ಹೋಗುತ್ತಿತ್ತು. ಅವಳು ಮಾತ್ರ ನಿಧಾನವಾಗಿ ನಡೆದು ಮೈದಾನದ ಅಂಚಿಗೆ ಹೋದಳು, ಸುಣ್ಣದ ಗೆರೆಯ ಪಕ್ಕ ಕೂತಳು, ಬೂಟು ಬಿಚ್ಚಿದಳು. ಎರಡೂ ಬೂಟುಗಳನ್ನು, ಮನೆಯ ಹೊಸಿಲ ಹೊರಗೆ ಬಿಡುವ ಹಾಗೆ, ಜೋಡಿಸಿ ಇಟ್ಟಳು. ಗೆರೆಯನ್ನು ದಾಟಿ ಎರಡು ಹೆಜ್ಜೆ ಇಟ್ಟು ಬಿದ್ದಳು.

ಆಟ ನಿಂತಿತು. ಆಂಬುಲೆನ್ಸಿನಲ್ಲಿ ಅವಳು ವಾಂತಿ ಮಾಡಿಕೊಂಡಳು, ಆಮೇಲೆ ಕಣ್ಣು ತೆರೆಯಲಿಲ್ಲ. ತಲೆಯೊಳಗೆ ರಕ್ತ ಸೋರಿದೆ, ಬುರುಡೆ ತೆರೆಯಬೇಕು ಎಂದರು. ನಾನು ಅವಳ ಬೂಟು ಹಿಡಿದುಕೊಂಡು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದೆ. ಅವಳ ಅಮ್ಮ ಬಂದರು, ಸೆರಗಿನಲ್ಲಿ ಸೂಜಿ ಹಾಗೇ ಚುಚ್ಚಿಕೊಂಡಿತ್ತು. ಸರ್ ಕೈಮುಗಿದು ಹೇಳಿದರು: "ಅಮ್ಮಾ, ನಾನು ಕೇಳ್ದೆ. ಮೂರೂ ಸರಿಯಾಗ್ ಹೇಳಿದ್ಲು. ನನ್ನಾಣೆ ಮೂರೂ ಸರಿಯಾಗ್ ಹೇಳಿದ್ಲು."

"ಪ್ರಶ್ನೆ ಕೇಳೋಕೆ ನೀನ್ ಯಾವ ಡಾಕ್ಟ್ರು?" ಎಂದು ಆ ತಾಯಿ ಶುರು ಮಾಡಿದವರು ನಿಲ್ಲಿಸಲಿಲ್ಲ. ಕನ್ನಡ ಸಾಲದೆ ತಮಿಳಿಗೆ ಹೋದರು. ನಿನ್ನ ಮಗಳಾಗಿದ್ದರೆ ಆಡಿಸುತ್ತಿದ್ದೆಯಾ, ನಿನ್ನ ಕೈ ಸೇದಿಹೋಗ, ನಿನ್ನ ವಂಶ ಹಾಳಾಗ ಎಂದರು. ಸರ್ ತಲೆ ತಗ್ಗಿಸಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ನಾನು ಅವರಿಂದ ನಾಲ್ಕು ಅಡಿ ದೂರದಲ್ಲಿದ್ದೆ. ಒಂದು ಮಾತು ಸಾಕಿತ್ತು. ನನ್ನ ಬಾಯಿ ತೆರೆಯಲಿಲ್ಲ. ತಂಡದ ಹುಡುಗಿಯರು ಒಬ್ಬೊಬ್ಬರಾಗಿ ನನ್ನನ್ನು ನೋಡಿ, ಆಮೇಲೆ ನೆಲ ನೋಡಿದರು. ಆ ದಿನದ ನಂತರ ಸರ್ ಮೈದಾನಕ್ಕೆ ಬರಲಿಲ್ಲ. ಕೆ.ಆರ್. ಪುರದ ಕಡೆ ಎಲ್ಲೋ ಮನೆ ಮಾಡಿಕೊಂಡಿದ್ದಾರೆ ಎಂದು ಕೇಳಿದೆ. ಹುಡುಕಿಕೊಂಡು ಹೋಗಲಿಲ್ಲ.

ಶಿಬಿರಕ್ಕೆ ನನ್ನನ್ನು ಕರೆದರು. ನಾನು ಹೋದೆ. ಹೋಗಬಾರದಿತ್ತು ಎಂದು ಈಗ ಬರೆಯುವುದು ಬಹಳ ಸುಲಭ. ಗೆಳತಿ ಇನ್ನೂ ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ್ದಾಗ ನಾನು ಬ್ಯಾಗ್ ತುಂಬಿಕೊಂಡು ಹೋದೆ. ಅಲ್ಲಿ ನನ್ನ ಹಿಂದೆ ನಿಂತ ಹುಡುಗಿಗೆ ನನ್ನ ಬೆರಳು ಅರ್ಥವಾಗಲಿಲ್ಲ. ಮೂರನೆಯ ದಿನದಿಂದ ನನಗೆ ಕೈಯನ್ನು ಬೆನ್ನ ಹಿಂದೆ ಇಡಲೇ ಆಗಲಿಲ್ಲ. ವಾಪಸ್ ಕಳಿಸಿದರು. ಆಟ ಅಲ್ಲಿಗೆ ಮುಗಿಯಿತು.

ಗೆಳತಿ ಬದುಕಿದಳು. ಎಲ್ಲರೂ ಅದೃಷ್ಟ ಎಂದರು. ಕೂದಲು ಬೆಳೆಯಿತು, ನಡೆದಳು, ಉಂಡಳು, ನಕ್ಕಳು. ಬಿಸಿಲು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಮಿಷನ್ನಿನ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಅದಕ್ಕೆ ಅವಳ ಅಮ್ಮ ಮಿಷನ್ನನ್ನು ಪಕ್ಕದ ಮನೆಯ ಜಗಲಿಗೆ ಸಾಗಿಸಿದರು. ಮಗ್ಗಿ ಎರಡು ಎರಡಲ ನಾಲ್ಕರ ಆಚೆ ಹೋಗುತ್ತಿರಲಿಲ್ಲ. ಮಕ್ಕಳು ಕೆಲವು ದಿನ ಬಂದು, ಅಕ್ಕ ತಪ್ಪು ಹೇಳಿದಾಗ ಮುಸಿಮುಸಿ ನಕ್ಕು, ಆಮೇಲೆ ಬರುವುದನ್ನು ಬಿಟ್ಟರು. ಆ ಪಂದ್ಯ ಅವಳಿಗೆ ಚೂರೂ ನೆನಪಿರಲಿಲ್ಲ. "ಸರ್ ಕೇಳಿದ್ಕೆಲ್ಲ ಸರಿಯಾಗ್ ಹೇಳ್ದೆನಂತೆ. ಆಮೇಲ್ ಹೆಂಗ್ ಮಗಾ ಹಿಂಗಾಯ್ತು?" ಎಂದು ಅವಳು ನನ್ನನ್ನೇ ಕೇಳುತ್ತಿದ್ದಳು. ಮರುವಾರ ಮತ್ತೆ ಅದನ್ನೇ ಕೇಳುತ್ತಿದ್ದಳು.

ನಾನು ಪ್ರತಿ ಭಾನುವಾರ ಹೋಗುತ್ತಿದ್ದೆ. ಇವತ್ತು ಹೇಳಿಬಿಡುತ್ತೇನೆ ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿ, ಇಡ್ಲಿ ತಿಂದು ವಾಪಸ್ ಬರುತ್ತಿದ್ದೆ. ತಂಡದ ಬೇರೆಯವರು ಬರುವುದು ನಿಂತು ಬಹಳ ದಿನವಾಗಿತ್ತು. "ನೀನೊಬ್ಳೇ ಕಣ್ಣು ಬರೋದು. ಆ ಕೋಚು ಒಂದ್ ದಿನ ತಿರುಗ್ ನೋಡ್ಲಿಲ್ಲ, ಪಾಪಿ" ಎಂದು ಆ ತಾಯಿ ನನ್ನ ತಟ್ಟೆಗೆ ಇನ್ನೊಂದು ಇಡ್ಲಿ ಹಾಕುತ್ತಿದ್ದರು. ಅದನ್ನೂ ತಿನ್ನುತ್ತಿದ್ದೆ. ಹೀಗೆ ಒಂದು ವರ್ಷದ ಮೇಲಾಯಿತು.

ಒಂದು ದಿನ ಆಸ್ಪತ್ರೆಗೆ ತೋರಿಸಲು ಹೋಗುವಾಗ ಅವರು ನನ್ನನ್ನೂ ಕರೆದರು. ಡಾಕ್ಟರ್ ಇಂಗ್ಲಿಷ್ ಬೆರೆಸಿ ಬೇಗ ಬೇಗ ಮಾತಾಡುತ್ತಾರೆ, ಅರ್ಥವಾಗುವುದಿಲ್ಲ, ನೀನು ಜೊತೆಗಿರು ಕಣ್ಣು ಎಂದರು. ಡಾಕ್ಟರ್ ಒಬ್ಬ ಚಿಕ್ಕ ವಯಸ್ಸಿನ ಹೆಂಗಸು, ತಾಳ್ಮೆಯವರು. ಗೆಳತಿಯನ್ನು ಎದುರಿಗೆ ಕೂರಿಸಿಕೊಂಡರು. ಅವರ ಕುರ್ಚಿಯ ಹಿಂದೆ ಗೋಡೆಗೆ ಒಂದು ಬೆಂಚು. ಕೂರಲು ಬೇರೆ ಜಾಗವಿಲ್ಲದೆ ನಾನೂ ಅವಳ ಅಮ್ಮನೂ ಅಲ್ಲಿ ಕೂತೆವು. ಎಲ್ಲಿ ಕೂತಿದ್ದೇನೆಂದು ನನಗೆ ಆಗ ಹೊಳೆಯಲಿಲ್ಲ.

ಹೆಸರು ಕೇಳಿದರು, ಹೇಳಿದಳು. ಊರು ಕೇಳಿದರು, ಹೇಳಿದಳು. ಅವಳ ಅಮ್ಮ ಹೆಮ್ಮೆಯಿಂದ ನನ್ನ ಮೊಣಕೈ ತಿವಿದರು.

"ಗುಡ್. ಈಗ ಹೇಳಿ, ನಿಮ್ಮಮ್ಮಂಗೆ ಎಷ್ಟು ಜನ ಮಕ್ಕಳು?"

ಗೆಳತಿ ಡಾಕ್ಟರ ಮುಖ ನೋಡಿದಳು. ಆಮೇಲೆ ಅವಳ ಕಣ್ಣು ಅವರ ಹೆಗಲ ಮೇಲಿಂದ ನನ್ನ ಕಡೆ ಬಂದು, ತೊಡೆಯ ಮೇಲಿದ್ದ ನನ್ನ ಎಡಗೈಯ ಮೇಲೆ ನಿಂತಿತು. ಪಂದ್ಯ ಮರೆತಿದ್ದಳು, ಮಗ್ಗಿ ಮರೆತಿದ್ದಳು, ಇದನ್ನು ಮರೆತಿರಲಿಲ್ಲ. ಕಾಯುತ್ತಾ ಕೂತಳು. ಮೂರು ಬೆರಳು ಎತ್ತಿದ್ದರೆ ಮುಗಿಯುತ್ತಿತ್ತು. ಇನ್ನು ಈ ಜನ್ಮದಲ್ಲಿ ಅವಳಿಗೆ ಬೆರಳು ತೋರಿಸಬಾರದು ಎಂದು ಕೈಯನ್ನು ಬಿಗಿಯಾಗಿ ಮುಷ್ಟಿ ಕಟ್ಟಿದೆ.

ಅವಳ ಮುಖ ಅರಳಿತು.

"ಸೊನ್ನೆ" ಎಂದಳು, ಸರಿಯುತ್ತರ ಹೇಳಿದವಳ ಧೈರ್ಯದಲ್ಲಿ. "ಯಾರೂ ಇಲ್ಲ, ಡಾಕ್ಟ್ರೇ."

ಡಾಕ್ಟರ್ ತಲೆ ತಗ್ಗಿಸಿ ಏನೋ ಬರೆದುಕೊಂಡರು. ಪಕ್ಕದಲ್ಲಿ ಅವಳ ಅಮ್ಮ ಮಗಳ ಕಣ್ಣು ಎಲ್ಲಿದೆಯೆಂದು ನೋಡಿದರು, ಅದನ್ನೇ ಹಿಡಿದು ನನ್ನ ಮುಷ್ಟಿಯವರೆಗೆ ಬಂದರು. ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ನನ್ನನ್ನು ಕಿಟಕಿಯ ಹತ್ತಿರ ಕರೆದರು.

"ಅವತ್ತೂ ನೀನೇ ತೋರ್ಸಿದ್ಯಾ?"

"ಹೂಂ ಆಂಟಿ."

"ಅವ್ಳಿಗೆ ಗೊತ್ತಾಗ್ತಿಲ್ಲ ಅಂತ ನಿಂಗೊತ್ತಿತ್ತಾ?"

"ಗೊತ್ತಿತ್ತು."

ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವರು ಕಿಟಕಿಯ ಸರಳು ಹಿಡಿದುಕೊಂಡರು.

"ಆ ಮನುಷ್ಯಂಗೆ ನಾನು ವಂಶ ಹಾಳಾಗ್ಲಿ ಅಂದ್ನಲ್ಲ" ಎಂದರು. "ನೀನು ಅಲ್ಲೇ ನಿಂತಿದ್ದೆ."

ಆಮೇಲೆ ಹೋಗಿ ಮಗಳನ್ನು ಎಬ್ಬಿಸಿದರು. "ಇನ್ಮೇಲೆ ನೀನು ಬರ್ಬೇಡ" ಎಂದರು. ಕಣ್ಣು ಎನ್ನಲಿಲ್ಲ. ನಾನು ಬಸ್‌ಸ್ಟಾಪಿನವರೆಗೆ ಹಿಂದೆ ಹಿಂದೆಯೇ ಹೋದೆ, ಸ್ವಲ್ಪ ದೂರ ಬಿಟ್ಟು. ಶಿವಾಜಿನಗರದ ಬಸ್ಸು ಬಂತು. ಹತ್ತುವ ಮುಂಚೆ ಗೆಳತಿ ಮೆಟ್ಟಿಲ ಹತ್ತಿರ ನಿಂತು ತಿರುಗಿದಳು. ಬಲಕ್ಕೋ ಎಡಕ್ಕೋ ಎಂದು ಅವಳು ನನ್ನ ಕೈಯನ್ನು ಹುಡುಕುತ್ತಿದ್ದಳು. ನಾನು ಎರಡೂ ಕೈಗಳನ್ನು ಜೇಬಿನೊಳಗೆ ಇಟ್ಟುಕೊಂಡು ನಿಂತಿದ್ದೆ. ಅವಳ ಅಮ್ಮ ತೋಳು ಹಿಡಿದು ಅವಳನ್ನು ಒಳಗೆ ಎಳೆದುಕೊಂಡರು.